ಜೈಲಿನ ಬಗ್ಗೆ ಪಾಠ ಮಾಡೋಕೆ ಡಾಕ್ಯುಮೆಂಟರಿ: ಯಾವುದು ತೋರಿಸ್ಬೇಕು, ಹೇಗೆ ತೋರಿಸ್ಬೇಕು?

ಸಮಾಜಶಾಸ್ತ್ರ_ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಲ್ಲಿ ಸಮಾಜಶಾಸ್ತ್ರ ಹೇಳ್ಕೊಡ್ತೀನಿ. ಈ ಸೆಮಿಸ್ಟರ್ ಅಪರಾಧ ಮತ್ತು ಶಿಕ್ಷೆ ಅನ್ನೋ ಪೇಪರ್ ನನ್ನ ಪಾಲಿಗೆ ಬಂದಿದೆ, ಅದರಲ್ಲಿ ಜೈಲಿನ ಬಗ್ಗೆ ಒಂದು ಇಡೀ ಘಟಕ ಇದೆ. ಪಠ್ಯದಲ್ಲಿ ಇರೋದು ಪ್ರತೀಕಾರ, ತಡೆ, ಸುಧಾರಣೆ ಅಂತ ಸಿದ್ಧಾಂತಗಳು. ಬೋರ್ಡ್ ಮೇಲೆ ಬರೆದ್ರೆ ಮಕ್ಕಳು ಬರ್ಕೋತಾರೆ, ಪರೀಕ್ಷೆಯಲ್ಲಿ ಹಾಗೇ ಬರೀತಾರೆ, ಅಲ್ಲಿಗೆ ಮುಗೀತು. ಆ ಗೋಡೆ ಹಿಂದೆ ಬೆಳಗ್ಗೆಯಿಂದ ರಾತ್ರಿವರೆಗೂ ಏನಾಗುತ್ತೆ, ಅಲ್ಲಿ ಇರೋರು ಯಾರು, ಯಾಕೆ ಅಷ್ಟು ವರ್ಷ ಇರ್ತಾರೆ ಅನ್ನೋದು ಯಾರ ತಲೆಗೂ ಹೋಗಲ್ಲ. ಅವರ ತಲೇಲಿರೋ ಜೈಲು ಕಮರ್ಷಿಯಲ್ ಸಿನಿಮಾದ್ದು, ಹೀರೋ ಒಳಗೆ ಹೋಗ್ತಾನೆ, ಒಂದು ಫೈಟ್ ಆಗುತ್ತೆ, ಹೊರಗೆ ಬರ್ತಾನೆ.

ಜೈಲಿಗೇ ಕರ್ಕೊಂಡು ಹೋಗಿ ಅಂತ ಕೆಲವರು ಹೇಳಿದ್ರು. ಪರ್ಮಿಷನ್ ಸಿಗೋದು ಕಷ್ಟ ಅನ್ನೋದು ಒಂದು, ಅದಕ್ಕಿಂತ ಮುಖ್ಯವಾಗಿ ಒಂದು ಬಸ್ ತುಂಬ ಹುಡುಗ್ರನ್ನ ಕರ್ಕೊಂಡು ಹೋಗಿ, ತಪ್ಪಿಸ್ಕೊಂಡು ಹೋಗೋಕೂ ಜಾಗ ಇಲ್ಲದ ಜನರನ್ನ ಸಾಲಾಗಿ ನಿಂತು ನೋಡೋದು ನನಗೆ ಸರಿ ಅನ್ಸಲ್ಲ. ಹಾಗಾಗಿ ಡಾಕ್ಯುಮೆಂಟರಿ ಅಂತ ಯೋಚನೆ. ಆದ್ರೆ ನಮ್ಮ ಡಿಪಾರ್ಟ್‌ಮೆಂಟಲ್ಲಿ ಇನ್ನೊಬ್ಬರು ತೋರಿಸಿದಾಗ ನಾನೂ ಕೂತಿದ್ದೆ, ಹೊಡೆದಾಟದ ಸೀನ್ ಬಂದಾಗ ಮಾತ್ರ ಇಡೀ ಕ್ಲಾಸ್ ಎದ್ದು ಕೂತ್ಕೊಳ್ತು, ಆಮೇಲಿನ ಚರ್ಚೆ ಪೂರ್ತಿ "ಅವನು ಏನ್ ಮಾಡಿದ್ದ, ಅವನಿಗೆ ಅದು ಆಗಬೇಕಾದ್ದೇ ಅಲ್ವಾ" ಅನ್ನೋದರ ಸುತ್ತಲೇ ಓಡ್ತು. ಜೈಲು ಅನ್ನೋ ಸಂಸ್ಥೆ ಬಗ್ಗೆ ಒಂದು ಪ್ರಶ್ನೆ ಬರಲಿಲ್ಲ.

ಯಾವ ಫಿಲ್ಮ್‌ಗಳು ಒಳ್ಳೇದು, ಪೂರ್ತಿ ತೋರಿಸ್ಬೇಕಾ ತುಂಡು ತುಂಡಾಗಿ ತೋರಿಸ್ಬೇಕಾ, ಮುಂಚೆ ಏನ್ ಹೇಳ್ಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕಪ್ಪುಹಲಗೆ

ಮೇಡಂ, ನಾನು ಕಾನೂನು ಕಾಲೇಜಲ್ಲಿ ಪಾಠ ಮಾಡೋನು, ಪ್ರತಿ ವರ್ಷ ಫಿಲ್ಮ್ ಬಳಸ್ತೀನಿ. ಯಾವ ಫಿಲ್ಮ್ ಅನ್ನೋದಕ್ಕಿಂತ ಮುಂಚೆ ಕ್ಲಾಸಿಗೆ ಒಂದು ಪ್ರಶ್ನೆ ಕೊಟ್ಟು ಕೂರಿಸಿ: ಈ ಕ್ಯಾಮೆರಾನ ಒಳಗೆ ಬಿಟ್ಟಿದ್ದು ಯಾರು, ಯಾಕೆ ಬಿಟ್ರು? ಜೈಲು ಅಂದ್ರೆ ಬೀದಿ ಅಲ್ಲ, ಯಾರೋ ಅಧಿಕಾರಿ ಸಹಿ ಹಾಕದೆ ಅಲ್ಲಿ ಒಂದು ಫ್ರೇಮೂ ತೆಗೆಯೋಕಾಗಲ್ಲ. ಈ ಪ್ರಶ್ನೆ ತಲೇಲಿ ಇಟ್ಕೊಂಡು ನೋಡಿದ ಹುಡುಗ್ರು "ಅವನು ಏನ್ ಮಾಡಿದ್ದ" ಅಂತ ಮೊದಲು ಕೇಳಲ್ಲ, "ಇದನ್ನ ನಮಗೆ ಯಾಕೆ ತೋರಿಸ್ತಿದಾರೆ" ಅಂತ ಕೇಳ್ತಾರೆ.

ಇದಕ್ಕೆ ನಾನು ಬಳಸೋ ದೊಡ್ಡ ಉದಾಹರಣೆ ಫ್ರೆಡ್ರಿಕ್ ವೈಸ್‌ಮನ್ ಅವರ 1967ರ 'ಟಿಟಿಕಟ್ ಫಾಲೀಸ್'. ಅಮೆರಿಕದ ಮ್ಯಾಸಚೂಸೆಟ್ಸ್‌ನ ಬ್ರಿಡ್ಜ್‌ವಾಟರ್ ಅನ್ನೋ ಕಡೆ, ಮಾನಸಿಕ ಕಾಯಿಲೆ ಇದೆ ಅಂತ ಹೇಳಿ ಕೈದಿಗಳನ್ನ ಇಡ್ತಿದ್ದ ಸರ್ಕಾರಿ ಆಸ್ಪತ್ರೆ ಒಳಗೆ ತೆಗೆದಿದ್ದು. ಹಿನ್ನೆಲೆ ದನಿ ಇಲ್ಲ, ಸಂದರ್ಶನ ಇಲ್ಲ, ಯಾರೂ ಏನೂ ವಿವರಿಸಲ್ಲ. ಪರ್ಮಿಷನ್ ತಗೊಂಡೇ ತೆಗೆದಿದ್ರು, ಆದ್ರೆ ಫಿಲ್ಮ್ ಹೊರಗೆ ಬಂದ ಮೇಲೆ ಅದೇ ರಾಜ್ಯ ಸರ್ಕಾರ ಕೋರ್ಟಿಗೆ ಹೋಯ್ತು, ಒಳಗಿರೋರ ಖಾಸಗಿತನಕ್ಕೆ ಧಕ್ಕೆ ಆಗಿದೆ ಅಂತ. ಡಾಕ್ಟರು, ವಕೀಲರು, ಜಡ್ಜು, ಸಮಾಜ ಕಾರ್ಯಕರ್ತರು, ಆ ವಿಷಯ ಓದೋ ವಿದ್ಯಾರ್ಥಿಗಳು ಇಂಥವರು ಮಾತ್ರ ನೋಡಬಹುದು ಅಂತ ಆಯ್ತು. ಸಾಮಾನ್ಯ ಜನ ನೋಡೋಕೆ 1991 ಬರಬೇಕಾಯ್ತು.

ಈಗ ಕ್ಲಾಸಿಗೆ ಕೇಳಿ, ಇಲ್ಲಿ ಯಾರ ಮಾನ ಉಳಿಸೋಕೆ ನಿಷೇಧ? ಬೆತ್ತಲೆಯಾಗಿ ಸೆಲ್ಲಲ್ಲಿ ನಿಂತಿರೋ ಆ ಮನುಷ್ಯನ ಮಾನವಾ, ಅವನನ್ನ ಹಾಗೆ ನಿಲ್ಲಿಸಿದ ವ್ಯವಸ್ಥೆಯ ಮಾನವಾ? ಎರಡು ಕಡೆನೂ ವಾದ ಇದೆ, ಅದೇ ಇದರ ಬೆಲೆ. ಒಪ್ಪಿಗೆ ಕೊಡೋ ಸ್ಥಿತೀಲೇ ಇಲ್ಲದವರ ಮುಖ ತೋರಿಸಿದ್ದು ಸರಿನಾ ಅಂತ ನನಗೆ ಈಗಲೂ ಪೂರ್ತಿ ಸಮಾಧಾನ ಇಲ್ಲ. ಕೋರ್ಟು ಇನ್ನೂ ಒಂದು ಆದೇಶ ಮಾಡಿತ್ತು, 1966ರ ನಂತರ ಅಲ್ಲಿ ಬದಲಾವಣೆ, ಸುಧಾರಣೆ ಆಗಿದೆ ಅಂತ ಫಿಲ್ಮಲ್ಲಿ ಬರೆದು ಹಾಕಬೇಕು ಅಂತ. ಆ ಸಾಲು ಪರದೆ ಮೇಲೆ ಬಂದಾಗ ಪಾಸ್ ಮಾಡಿ ಸುಮ್ಮನೆ ಬಿಡಿ, ಹುಡುಗ್ರು ತಾವಾಗೇ ಮಾತಾಡ್ತಾರೆ.

ಒಂದು ಎಚ್ಚರಿಕೆ: ಅದರಲ್ಲಿ ಮೂಗಿನಿಂದ ಟ್ಯೂಬ್ ಹಾಕಿ ಬಲವಂತವಾಗಿ ಆಹಾರ ಕೊಡೋ ದೃಶ್ಯ ಇದೆ, ಅದರ ಮಧ್ಯೆ ಮಧ್ಯೆ ಅದೇ ಮನುಷ್ಯನ ಶವ ಸಿದ್ಧ ಮಾಡೋ ಶಾಟ್‌ಗಳನ್ನ ಕತ್ತರಿಸಿ ಸೇರಿಸಿದ್ದಾರೆ. ನೋಡೋಕೆ ಬಹಳ ಕಷ್ಟ. ಏನು ಬರುತ್ತೆ ಅಂತ ಹೇಳದೆ ತೋರಿಸಬೇಡಿ.

ಕಪ್ಪುಹಲಗೆ

ಇನ್ನೊಂದು ಸೇರಿಸ್ತೀನಿ. ಡಾಕ್ಯುಮೆಂಟರಿ ಅಂದ್ರೆ ಸತ್ಯ ಅಂತ ಹುಡುಗ್ರು ನಂಬ್ಕೊಂಡು ಕೂತಿರ್ತಾರೆ, ಅದನ್ನ ಮೊದಲ ವಾರದಲ್ಲೇ ಅಲ್ಲಾಡಿಸ್ಬೇಕು. 1978ರಲ್ಲಿ 'ಸ್ಕೇರ್ಡ್ ಸ್ಟ್ರೇಟ್' ಅಂತ ಒಂದು ಬಂತು, ನ್ಯೂಜೆರ್ಸಿಯ ರಾಹ್ವೇ ಜೈಲಿಗೆ ದಾರಿ ತಪ್ಪಿದ ಹುಡುಗ್ರನ್ನ ಕರ್ಕೊಂಡು ಹೋಗಿ, ಜೀವಾವಧಿ ಕೈದಿಗಳಿಂದ ಕೂಗಾಡಿಸಿ ಹೆದರಿಸೋದು, ಹೆದರಿದವರು ಸರಿ ಹೋಗ್ತಾರೆ ಅನ್ನೋದು ಅದರ ವಾದ. ಆಸ್ಕರ್ ಬಂತು, ಎಷ್ಟೋ ಕಡೆ ಅಂಥದ್ದೇ ಕಾರ್ಯಕ್ರಮ ಶುರು ಮಾಡಿದ್ರು. ಆಮೇಲೆ ಸರಿಯಾದ ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಗೊತ್ತಾಗಿದ್ದು, ಹಾಗೆ ಹೋಗಿ ಬಂದ ಮಕ್ಕಳು ಹೋಗದೇ ಇದ್ದವರಿಗಿಂತ ಹೆಚ್ಚೇ ಅಪರಾಧ ಮಾಡಿದ್ರು ಅಂತ. ಮೊದಲು ಫಿಲ್ಮಿನ ಒಂದು ಭಾಗ ತೋರಿಸಿ, ನಿಮಗೆ ನಂಬಿಕೆ ಬಂತಾ ಅಂತ ಕೈ ಎತ್ತಿಸಿ, ಆಮೇಲೆ ಅಧ್ಯಯನದ ಫಲಿತಾಂಶ ಕೊಡಿ. ಹತ್ತು ಲೆಕ್ಚರ್ ಮಾಡದ ಕೆಲಸ ಆ ಒಂದು ಗಂಟೆ ಮಾಡುತ್ತೆ.

ಓದುಬರಹ_ಸಂಗಾತಿ

ಮೇಡಮ್ಮಾರ, ನಾ ಜೈಲಿನ್ಯಾಗ ಓದಾಕ ಬರಿಯಾಕ ಕಲಸಾಕ ಹೋಗ್ತಿದ್ದೆ, ಭಾಳ ವರ್ಷ ಹೋಗೇನಿ. ಕಪ್ಪುಹಲಗೆ ಸರ್ ಹೇಳಿದ್ದು ಖರೆ ಐತಿ, ಆದ್ರ ನನ್ನ ತಕರಾರ ಬ್ಯಾರೆ ಐತ್ರಿ. ಫಿಲ್ಮಿನ್ಯಾಗ ಯಾವಾಗ್ಲೂ ಏನರ ನಡದಿರ್ತೈತಿ. ಜೈಲಿನ್ಯಾಗ ಏನೂ ನಡಿಯೂದಿಲ್ಲ. ಅದ ಅಲ್ಲಿ ಶಿಕ್ಷಾ. ಎಣಿಕಿ ಆಗೂತನಕ ಕಾಯೂದು, ಊಟಕ್ಕ ಕಾಯೂದು, ಡಾಕ್ಟರ್ ಬರ್ತಾರಂತ ಕಾಯೂದು, ಮನಿಯವರು ಭೇಟಿಗೆ ಬರ್ತಾರೇನೊ ಅಂತ ಕಾಯೂದು, ಕೋರ್ಟಿನ ತಾರೀಖು ಬಂದ್ರ ಕರಕೊಂಡು ಹೋಗಾಕ ಪೊಲೀಸರಿಲ್ಲ ಅಂತ ಮತ್ತ ಮುಂದಿನ ತಾರೀಖಿಗೆ ಕಾಯೂದು. ತೊಂಬತ್ತು ನಿಮಿಷದ ಫಿಲ್ಮ್ ಇದನ್ನೆಲ್ಲಾ ಕತ್ತರಿಸಿ ಒಗದಿರ್ತೈತಿ, ಇಲ್ಲಾಂದ್ರ ಯಾರು ನೋಡ್ತಾರ.

ಹಿಂಗಾಗಿ ಒಂದು ಮಾಡ್ರಿ. ಫಿಲ್ಮ್ ಮುಗದ ಮ್ಯಾಲ ಹುಡುಗರಿಗೆ ಹೇಳ್ರಿ, ಇದರಾಗ ಒಬ್ಬ ಮನಷ್ಯಾನ ತಗೋರಿ, ನಿಮಗ ತೋರಿಸಿದ್ದು ಅವನ ಬಾಳಿನ ನಾಕು ನಿಮಿಷ, ತೋರಿಸಲಾರದ ಇಡೀ ಒಂದು ದಿನ ಬರೀರಿ ಅಂತ. ಕಲ್ಪನಾ ಮಾಡಿ ಅಲ್ಲ ಮತ್ತ, ಜೈಲಿನ ನಿಯಮದ ಪುಸ್ತಕ ಮುಂದ ಇಟಕೊಂಡು. ಎಷ್ಟ ಗಂಟೆಕ ತೆಗಿತಾರ, ಎಷ್ಟ ಗಂಟೆಕ ಒಳಗ ಹಾಕಿ ಕೀಲಿ ಹಾಕ್ತಾರ, ಪತ್ರ ಯಾರು ಓದತಾರ, ಎಲ್ಲಾ ಅದರಾಗ ಇರ್ತೈತಿ. ಸಂಜಿ ಜಲ್ದಿನ ಕೀಲಿ ಹಾಕಿಬಿಟ್ರ ಮರುದಿನ ಬೆಳಕ ಹರಿಯೂತನಕ ಎಷ್ಟ ತಾಸು ಆಕ್ಕೈತಿ ಅಂತ ಅವರ ಲೆಕ್ಕಾ ಹಾಕಲಿ.

ಇನ್ನೊಂದ್ರಿ. ಸಿಗೂ ಫಿಲ್ಮ್ ಭಾಳಷ್ಟು ಅಮೆರಿಕಾದ್ದು. ಅದನ್ನ ನೋಡಿದ ಹುಡುಗ ಜಗತ್ತಿನ ಜೈಲೆಲ್ಲಾ ಹಂಗ ಐತಿ ಅಂತ ತಿಳಕೊತಾನ, ಕಿತ್ತಳೆ ಬಟ್ಟಿ, ಉಕ್ಕಿನ ಬಾಗಲಾ. ಅಲ್ಲಿ ವಿಚಾರಣಾಕ್ಕ ಕಾಯೂರನ್ನ ಇಡೂ ಜಾಗಾನ ಬ್ಯಾರೆ, ಶಿಕ್ಷಾ ಆದವರ ಜಾಗಾನ ಬ್ಯಾರೆ, ಫಿಲ್ಮ್ ಮಾಡೂದು ಹೆಚ್ಚಾಗಿ ಶಿಕ್ಷಾ ಆದವರ ಮ್ಯಾಲ. ಭಾರತದಾಗ 2022ರ ಸರ್ಕಾರಿ ಲೆಕ್ಕದ ಪ್ರಕಾರ ಒಳಗಿದ್ದ ನಾಕು ಮಂದ್ಯಾಗ ಮೂರು ಮಂದಿ ವಿಚಾರಣಾಧೀನ ಕೈದಿಗಳು, ಅಂದ್ರ ಅಪರಾಧಿ ಅಂತ ಯಾವ ಕೋರ್ಟೂ ಇನ್ನೂ ಹೇಳಿಲ್ಲ. ಇದನ್ನ ಗೊತ್ತು ಮಾಡಿಕೊಂಡ ಹುಡುಗ "ಏನ್ ತಪ್ಪ ಮಾಡ್ಯಾನ" ಅಂತ ಕೇಳೂ ಮದಲ ಒಂದು ಸಲ ನಿಲ್ಲತಾನ. ಯಾವ ದೇಶದ ಫಿಲ್ಮ್ ತೋರಿಸಿದ್ರೂ ಆ ದೇಶದ ಈ ಅಂಕಿ ಮದಲ ಹೇಳ್ರಿ.

ಹಿಂದಿನಬೆಂಚು

ನಾನು ಟೀಚರ್ ಅಲ್ಲ, ಕಳೆದ ವರ್ಷ ಇಂಥದ್ದೇ ಒಂದು ಪೇಪರ್ ಓದಿದ ವಿದ್ಯಾರ್ಥಿ. ಹೇಳ್ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡಿ ಬರೀತಾ ಇದೀನಿ, ಯಾಕಂದ್ರೆ ಯಾರೂ ಇದನ್ನ ಹೇಳಿಲ್ಲ ಇನ್ನೂ.

ನಮ್ಮ ಮನೆಯವರೊಬ್ಬರು ಒಳಗಿದ್ದಾರೆ. ಕ್ಲಾಸಲ್ಲಿ ಯಾರಿಗೂ ಗೊತ್ತಿಲ್ಲ. ಲೆಕ್ಚರರ್ ಒಂದು ದಿನ ಏನೂ ಹೇಳದೆ ಲೈಟ್ ಆಫ್ ಮಾಡಿ ಫಿಲ್ಮ್ ಹಾಕಿದ್ರು, ಅದರಲ್ಲಿ ಗಾಜಿನ ಆ ಕಡೆ ಈ ಕಡೆ ಕೂತು ಫೋನಲ್ಲಿ ಮಾತಾಡೋ ಭೇಟಿ ಸೀನ್ ಬಂತು, ಹಿಂದೆ ಯಾರೋ ನಕ್ರು, ಕೆಟ್ಟದ್ದಕ್ಕೆ ಅಲ್ಲ, ಬೇರೆ ಏನಕ್ಕೋ ನಕ್ಕಿದ್ದು, ಆದ್ರೆ ನನಗೆ ಅಲ್ಲಿ ಕೂರೋಕೆ ಆಗಲಿಲ್ಲ, ಎದ್ದು ಹೋದ್ರೆ ಯಾಕೆ ಅಂತ ಕೇಳ್ತಾರೆ ಅಂತ ಎದ್ದೂ ಹೋಗಲಿಲ್ಲ. ಆಮೇಲಿನ ಚರ್ಚೇಲಿ "ಕೈದಿಗಳ ಮನಸ್ಥಿತಿ" ಅಂತ ಎಲ್ಲರೂ ಮಾತಾಡಿದ್ರು, ಅಂಥವರು ಈ ರೂಮಲ್ಲಿ ಯಾರಿಗೂ ಏನೂ ಆಗಬೇಕಿಲ್ಲ ಅನ್ನೋ ಥರ.

ಮೇಡಂ, ನಿಮ್ಮ ಕ್ಲಾಸಲ್ಲೂ ಒಬ್ರಾದ್ರೂ ಇರ್ತಾರೆ ಅಂತಾನೇ ಅಂದ್ಕೊಂಡು ಶುರು ಮಾಡಿ. ಹಿಂದಿನ ಕ್ಲಾಸಲ್ಲೇ ಯಾವ ಫಿಲ್ಮ್, ಏನಿರುತ್ತೆ ಅಂತ ಹೇಳಿ. ಬರದೇ ಇದ್ರೂ ಅಟೆಂಡೆನ್ಸ್ ಹೋಗಲ್ಲ, ಕಾರಣ ಕೇಳಲ್ಲ, ಬೇರೆ ಒಂದು ಓದೋ ಕೆಲಸ ಮಾಡ್ಬಹುದು ಅಂತ ಎಲ್ಲರಿಗೂ ಹೇಳಿ. ನಿಮ್ಮಲ್ಲಿ ಯಾರ ಮನೇಲಾದ್ರೂ ಇದ್ದಾರಾ ಅಂತ ದಯವಿಟ್ಟು ಕೇಳಬೇಡಿ, ಕರುಣೆಯಿಂದ ಕೇಳಿದ್ರೂ ಕೇಳಬೇಡಿ.

ಮತ್ತೆ ಹೊರಗೆ ಕಾಯೋರ ಬಗ್ಗೆ ಇರೋ ಫಿಲ್ಮ್ ತೋರಿಸಿ. ಗ್ಯಾರೆಟ್ ಬ್ರ್ಯಾಡ್ಲಿ ಅವರ 2020ರ 'ಟೈಮ್' ನಾನು ಆಮೇಲೆ ಒಬ್ಬನೇ ನೋಡಿದೆ. ಗಂಡನಿಗೆ 60 ವರ್ಷ ಶಿಕ್ಷೆ, ಹೆಂಡತಿ ಮಕ್ಕಳನ್ನ ಬೆಳೆಸ್ತಾ ವರ್ಷಗಟ್ಟಲೆ ಮನೆಯಲ್ಲೇ ತೆಗೆದ ವಿಡಿಯೋಗಳು ಅದರಲ್ಲಿ ಸೇರ್ಕೊಂಡಿವೆ. ಅವರು ಫೋನಲ್ಲಿ ಆಫೀಸಿನವರ ಉತ್ತರಕ್ಕೆ ಕಾಯ್ತಾ ಕೂರೋದು, ಇನ್ನೂ ಆಗಿಲ್ಲ ಅಂತ ಕೇಳಿಸ್ಕೊಂಡು ಥ್ಯಾಂಕ್ಸ್ ಹೇಳಿ ಇಡೋದು, ಅದು ನಮ್ಮನೇಲಿ ನಾನು ನೋಡಿದ್ದೇ. ಓದುಬರಹ_ಸಂಗಾತಿ ಹೇಳಿದ ಆ ಕಾಯೋದು ಈ ಒಂದು ಫಿಲ್ಮಲ್ಲಿ ಮಾತ್ರ ನನಗೆ ಕಾಣಿಸ್ತು.

ಸಮಾಜಶಾಸ್ತ್ರ_ಮೇಡಂ

ಹಿಂದಿನಬೆಂಚು, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಕಣಪ್ಪ. ಮುಂಚೆ ಹೇಳೋದು, ಬೇರೆ ಕೆಲಸ ಕೊಡೋದು, ಕಾರಣ ಕೇಳದೇ ಇರೋದು, ಇಷ್ಟನ್ನೂ ನೀನು ಹೇಳಿದ ಹಾಗೇ ಮಾಡ್ತೀನಿ, ಪಾಠದ ಪ್ಲಾನಲ್ಲೇ ಬರೆದು ಹಾಕ್ತೀನಿ, ಮುಂದೆ ಯಾರು ಈ ಪೇಪರ್ ತಗೊಂಡ್ರೂ ಇರ್ಲಿ ಅಂತ.

ಉಳಿದವರಿಗೆ ಒಂದು ಪ್ರಶ್ನೆ. ನನ್ನ ಪೀರಿಯಡ್ 55 ನಿಮಿಷ, ಫಿಲ್ಮ್‌ಗಳು ಒಂದೂವರೆ ಗಂಟೆ. ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಕಷ್ಟ ಪಡೋ ಮಕ್ಕಳು ಅರ್ಧಕ್ಕಿಂತ ಜಾಸ್ತಿ ಇದ್ದಾರೆ. ಏನು ಮಾಡೋದು?

ಪ್ರೊಜೆಕ್ಟರ್_ಕೋಣೆ

ನಾನು ಕಾಲೇಜುಗಳಲ್ಲಿ ಫಿಲ್ಮ್ ಸೊಸೈಟಿ ನಡೆಸೋನು, ಈ ಭಾಗ ನಾನು ಹೇಳ್ತೀನಿ. ಹನ್ನೆರಡರಿಂದ ಹದಿನೈದು ನಿಮಿಷದ ಒಂದು ಭಾಗ ಆರಿಸ್ಕೊಳ್ಳಿ, ಆದ್ರೆ ಅದು ಮಧ್ಯದಲ್ಲಿ ಕತ್ತರಿಸದ ಒಂದೇ ಉದ್ದನೆ ಭಾಗ ಆಗಿರ್ಲಿ, ಅಲ್ಲೊಂದು ಇಲ್ಲೊಂದು ಎತ್ತಿ ಸೇರಿಸಿದ್ರೆ ಅದು ನಿಮ್ಮ ಫಿಲ್ಮ್ ಆಗುತ್ತೆ, ಅವರದ್ದಲ್ಲ. ಆ ಭಾಗದ ಮಾತುಗಳನ್ನ ಮುಂಚೆನೇ ಕನ್ನಡದಲ್ಲಿ ಬರೆದು ಪ್ರಿಂಟ್ ಕೊಡಿ, ಒಂದು ಸಲ ಓದ್ಕೊಂಡು ಬಂದ್ರೆ ಕಣ್ಣು ಪರದೆ ಕೆಳಗೆ ಇರಲ್ಲ, ಮುಖಗಳ ಮೇಲೆ ಇರುತ್ತೆ. ಎರಡು ಸಲ ತೋರಿಸಿ, ಎರಡನೇ ಸಲ ಬೇಕಾದ್ರೆ ಸೌಂಡ್ ಇಲ್ಲದೆ. ಸಂಗೀತ ತೆಗೆದ ತಕ್ಷಣ ಯಾವ ಸೀನಲ್ಲಿ ನಮ್ಮನ್ನ ಹೆದರಿಸ್ತಿದ್ರು, ಯಾವುದರಲ್ಲಿ ಅಳಿಸ್ತಿದ್ರು ಅಂತ ಬಿಡಿಬಿಡಿಯಾಗಿ ಕಾಣುತ್ತೆ. ಪೂರ್ತಿ ಫಿಲ್ಮನ್ನ ಬೇರೆ ದಿನ ಕ್ಲಾಸ್ ಮುಗಿದ ಮೇಲೆ ಇಡಿ, ಬರೋರು ಬರ್ತಾರೆ.

ಕ್ಲಾಸಲ್ಲಿ ತೋರಿಸೋಕೆ ಹಕ್ಕಿನ ವಿಷಯನೂ ನೋಡ್ಕೊಳ್ಳಿ, ಮನೆ ಸಬ್‌ಸ್ಕ್ರಿಪ್ಷನ್ ಅಕೌಂಟಿಂದ ಹಾಲಲ್ಲಿ ಹಾಕೋದು ಬೇರೆ, ಶಿಕ್ಷಣಕ್ಕೆ ಅಂತ ಒಪ್ಪಿಗೆ ತಗೊಳೋದು ಬೇರೆ. ನಿರ್ಮಾಪಕರಿಗೆ ಮೇಲ್ ಮಾಡಿದ್ರೆ ಎಷ್ಟೋ ಜನ ಕಾಲೇಜಿಗೆ ಅಂತ ಖುಷಿಯಿಂದ ಕೊಡ್ತಾರೆ.

ಹೊಡೆದಾಟದ ಸೀನಿಗೇ ಎದ್ದು ಕೂರೋ ಕ್ಲಾಸಿಗೆ ನನ್ನ ಆಯ್ಕೆ ಬ್ರೆಟ್ ಸ್ಟೋರಿ ಅವರ 2016ರ 'ದಿ ಪ್ರಿಸನ್ ಇನ್ ಟ್ವೆಲ್ವ್ ಲ್ಯಾಂಡ್‌ಸ್ಕೇಪ್ಸ್'. ಜೈಲಿನ ಬಗ್ಗೆನೇ ಫಿಲ್ಮು, ಆದ್ರೆ ಕ್ಯಾಮೆರಾ ಜೈಲಿನ ಒಳಗೆ ಹೋಗೋದೇ ಇಲ್ಲ. ಕಾಡ್ಗಿಚ್ಚು ಆರಿಸೋಕೆ ಹೋಗೋ ಕೈದಿ ಹೆಂಗಸರು, ಗಣಿ ಮುಚ್ಚಿದ ಮೇಲೆ ಜೈಲಿನ ನೌಕರಿ ನೆಚ್ಚಿಕೊಂಡ ಊರು, ಜೈಲು ಒಪ್ಪೋ ಸಾಮಾನನ್ನ ಮಾತ್ರ ಪ್ಯಾಕ್ ಮಾಡಿ ಮಾರೋ ಅಂಗಡಿ. ನೋಡೋಕೆ ಹೊಡೆದಾಟನೂ ಇಲ್ಲ, ಕಂಬಿನೂ ಇಲ್ಲ, ಹಾಗಾಗಿ ಜೈಲು ಅಂದ್ರೆ ಬರೀ ಕೆಟ್ಟ ಜನರನ್ನ ಇಡೋ ಕಟ್ಟಡ ಅಲ್ಲ, ಸುತ್ತ ಎಷ್ಟು ಜನರ ಸಂಬಳ, ವ್ಯಾಪಾರ, ದಂಡ ಅದಕ್ಕೆ ಅಂಟ್ಕೊಂಡಿದೆ ಅಂತ ಯೋಚ್ನೆ ಮಾಡದೆ ಬೇರೆ ದಾರಿನೇ ಇಲ್ಲ. ಮೇಡಂಗೆ ಬೇಕಿದ್ದ ಸಂಸ್ಥೆಯ ಪ್ರಶ್ನೆ ಇದೇ ಅಲ್ವಾ.

ನೊಂದವರ_ಕಡೆ

ಎಲ್ಲಾ ಓದಿದೆ. ಒಳ್ಳೆ ಮಾತುಗಳೇ. ಆದ್ರೆ ಇಷ್ಟು ಉದ್ದ ಚರ್ಚೇಲಿ ಸತ್ತವರ ಮನೆಯವರು, ಅತ್ಯಾಚಾರಕ್ಕೆ ಒಳಗಾದವರು ಒಂದು ಸಾಲಲ್ಲೂ ಬರಲಿಲ್ಲ. "ಏನ್ ಮಾಡಿದ್ದ" ಅಂತ ಹುಡುಗ್ರು ಕೇಳಿದ್ರೆ ಅದನ್ನ ಎಲ್ಲರೂ ತಪ್ಪು ಪ್ರಶ್ನೆ ಥರ ನೋಡ್ತಿದ್ದೀರಿ. ಅದು ತಪ್ಪು ಪ್ರಶ್ನೆ ಅಲ್ಲ. ಯಾರಿಗೋ ಏನೋ ಆಗಿದೆ, ಅದಕ್ಕೇ ಅಲ್ವಾ ಈ ಜೈಲು ಇರೋದು. ಅದನ್ನ ಮುಚ್ಚಿಟ್ಟು ಪಾಠ ಮಾಡಿದ್ರೆ ಮಕ್ಕಳಿಗೆ ಮೇಡಂ ಒಂದು ಕಡೆ ವಾಲ್ತಿದಾರೆ ಅಂತ ಗೊತ್ತಾಗುತ್ತೆ, ಆಮೇಲೆ ನೀವು ಹೇಳಿದ್ದು ಯಾವುದನ್ನೂ ನಂಬಲ್ಲ.

ಕಪ್ಪುಹಲಗೆ

ನೀವು ಹೇಳಿದ್ದು ಸರಿ, ಆ ಪ್ರಶ್ನೆ ಕ್ಲಾಸಿಗೆ ಬರಲೇಬೇಕು. ಅದು ಮೊದಲನೇ ಪ್ರಶ್ನೆ, ಕೊನೇ ಪ್ರಶ್ನೆ ಎರಡೂ ಅದೇ ಆಗೋದು ಬೇಡ ಅನ್ನೋದಷ್ಟೇ ನನ್ನ ಮಾತು.

ಇದಕ್ಕೆ ವರ್ನರ್ ಹರ್ಟ್ಸಾಗ್ ಅವರ 2011ರ 'ಇನ್‌ಟು ದಿ ಅಬಿಸ್' ನೋಡಿ. ಟೆಕ್ಸಸ್‌ನಲ್ಲಿ ನಡೆದ ಮೂರು ಕೊಲೆಗಳ ಕೇಸು. ಮರಣದಂಡನೆಗೆ ಕಾಯ್ತಿರೋನ ಮಾತಿದೆ, ಸಂದರ್ಶನ ಆದ ಎಂಟನೇ ದಿನಕ್ಕೆ ಅವನ ಶಿಕ್ಷೆ ಜಾರಿ ಆಯ್ತು. ತಾಯಿನೂ ತಮ್ಮನನ್ನೂ ಕಳ್ಕೊಂಡ ಹೆಂಗಸಿನ ಮಾತಿದೆ. ಶಿಕ್ಷೆ ಜಾರಿ ಮಾಡೋ ತಂಡದಲ್ಲಿ ವರ್ಷಗಟ್ಟಲೆ ಇದ್ದು, ಇನ್ನು ಆಗಲ್ಲ ಅಂತ ಕೆಲಸ ಬಿಟ್ಟ ಅಧಿಕಾರಿಯ ಮಾತೂ ಇದೆ. ಹರ್ಟ್ಸಾಗ್ ಮರಣದಂಡನೆ ವಿರೋಧಿ ಅಂತ ಮೊದಲೇ ಕೈದಿಗೆ ಹೇಳ್ತಾರೆ, ಆದ್ರೂ ಆ ಹೆಂಗಸಿನ ದುಃಖನ ಒಂದಿಷ್ಟೂ ಚಿಕ್ಕದು ಮಾಡಲ್ಲ. ಅಪರಾಧ ನಡೆದ ಜಾಗದ ಪೊಲೀಸ್ ವಿಡಿಯೋ ಅದರಲ್ಲಿ ಇದೆ, ಅದಕ್ಕೂ ಮುಂಚೆ ಹೇಳಿ.

ಜೊತೆಗೆ ತಪ್ಪು ಮಾಡದೇ ಒಳಗಿದ್ದವರ ಕೇಸೂ ಒಂದು ಇರ್ಲಿ. ಎರಲ್ ಮಾರಿಸ್ ಅವರ 1988ರ 'ದಿ ಥಿನ್ ಬ್ಲೂ ಲೈನ್' ಬಂದ ಮರುವರ್ಷ, ಪೊಲೀಸ್ ಅಧಿಕಾರಿ ಕೊಲೆ ಕೇಸಲ್ಲಿ ಒಳಗಿದ್ದ ರ್‍ಯಾಂಡಲ್ ಆಡಮ್ಸ್ ಬಿಡುಗಡೆ ಆದ್ರು, ಹನ್ನೆರಡು ವರ್ಷ ಒಳಗಿದ್ದ ಮೇಲೆ. ಎರಡನ್ನೂ ಒಂದೇ ವಾರದಲ್ಲಿ ನೋಡಿದ ಹುಡುಗ್ರು ಸುಲಭದ ಉತ್ತರ ಬರೆಯೋಕಾಗಲ್ಲ.

ಇನ್ನೊಂದು ಜಾಗ ಇದೆ, ಅಲ್ಲಿ ಎರಡು ಕಡೆಯ ಮನೆಯವರೂ ಒಟ್ಟಿಗೆ ಸಿಗ್ತಾರೆ: ನ್ಯೂಯಾರ್ಕ್ ರಾಜ್ಯದ ಅಟಿಕಾ ಜೈಲು, 1971ರ ಸೆಪ್ಟೆಂಬರ್. ಕೈದಿಗಳು ದಂಗೆ ಎದ್ದು ಸಿಬ್ಬಂದೀನ ಒತ್ತೆ ಇಟ್ಕೊಂಡ್ರು, ಐದನೇ ದಿನ ಸರ್ಕಾರ ಗುಂಡು ಹಾರಿಸಿ ಜೈಲು ವಾಪಸ್ ತಗೊಳ್ತು, ಒಟ್ಟು 43 ಜನ ಸತ್ರು. ಒತ್ತೆಯಾಳುಗಳ ಕುತ್ತಿಗೆ ಕೈದಿಗಳು ಕೊಯ್ದಿದ್ದಾರೆ ಅಂತ ಅಧಿಕಾರಿಗಳು ಮೊದಲು ಹೇಳಿದ್ರು, ಪತ್ರಿಕೆಗಳಲ್ಲೂ ಬಂತು. ಮರಣೋತ್ತರ ಪರೀಕ್ಷೇಲಿ ಅವರು ಸತ್ತಿದ್ದು ಪೊಲೀಸರ ಕಡೆಯ ಗುಂಡಿಂದ ಅಂತ ಗೊತ್ತಾಯ್ತು. ಇದರ ಬಗ್ಗೆ 2021ರಲ್ಲಿ ಬಂದ ಸ್ಟ್ಯಾನ್ಲಿ ನೆಲ್ಸನ್ ಅವರ ಫಿಲ್ಮಲ್ಲಿ ಬದುಕುಳಿದ ಕೈದಿಗಳೂ ಇದ್ದಾರೆ, ಸತ್ತ ಸಿಬ್ಬಂದಿಯ ಮನೆಯವರೂ ಇದ್ದಾರೆ. ಮೊದಲು ಆ ದಿನಗಳ ಪತ್ರಿಕೆ ಸುದ್ದಿ ಓದಿಸಿ, ಆಮೇಲೆ ಫಿಲ್ಮ್.

ಓದುಬರಹ_ಸಂಗಾತಿ

ನೊಂದವರ ಕಡೆ ಅನ್ನಾರು ಹೇಳಿದ್ದಕ್ಕ ನಂದೂ ಒಪ್ಪಿಗಿ ಐತಿ. ಒಳಗಿದ್ದವರೂ ಅದನ್ನ ಮರತಿರೂದಿಲ್ಲ, ನಾ ಕಲಸಾಕ ಹೋದಾಗ ಬರಿಯಾಕ ಬಂದ ಕೂಡ್ಲೆ ಮದಲ ಪತ್ರ ತಾವು ಕೊಂದವರ ಮನಿಗೆ ಬರೀಬೇಕಂತ ಕುಂತಾವ್ರನ್ನ ನೋಡೇನಿ. ಕಳಸಾಕ ಬರ್ತೈತೊ ಇಲ್ಲೊ ಅದು ಬ್ಯಾರೆ ಮಾತು.

ಮೇಡಮ್ಮಾರ, ಫಿಲ್ಮ್ ಎಲ್ಲಾ ಆದ ಮ್ಯಾಲ ಆದ್ರ ಬಿಡುಗಡೆ ಆಗಿ ಬಂದಾವ್ರನ್ನ ಒಬ್ಬರನ್ನ ಕ್ಲಾಸಿಗೆ ಕರೀರಿ. ಆದ್ರ ಕರಿಯೂ ಮದಲ ಅವರನ್ನ ಕೇಳ್ರಿ, ಯಾವ ಪ್ರಶ್ನೆಕ್ಕ ಉತ್ತರಾ ಕೊಡ್ತೀರಿ, ಯಾವುದಕ್ಕ ಕೊಡೂದಿಲ್ಲ ಅಂತ, ಅದನ್ನ ಹುಡುಗರಿಗೆ ಮದಲ ಹೇಳ್ರಿ. ಬಂದಾವ್ರಿಗೆ ಬರ್ರಿ ಹೋಗ್ರಿ ಅಂತ ಬರೇ ಶಾಲು ಹೊಚ್ಚಿ ಕಳಸಬ್ಯಾಡ್ರಿ, ಬ್ಯಾರೆ ಅತಿಥಿ ಉಪನ್ಯಾಸಕರಿಗೆ ಎಷ್ಟು ಕೊಡ್ತೀರಿ ಅಷ್ಟ ಕೊಡ್ರಿ. ಫೋಟೊ ತಗಿಯೂದಿದ್ರ ಕೇಳಿ ತಗೀರಿ. ಒಳಗಿದ್ದಾಗ ಅವರನ್ನ ಕೇಳಿ ಯಾರೂ ಫೋಟೊ ತಗದಿರೂದಿಲ್ಲ.